ತೂಕ ಕೇಳದ ಕಡೆ ಕುದುರೆ ಹತ್ತಬೇಡಿ: ಬೆಂಗಳೂರಲ್ಲಿ ಮೊದಲ ಸಲ ಸವಾರಿಗೆ ಹೊರಟವರಿಗೆ

ಫೋನ್ ಮಾಡಿ "ಭಾನುವಾರ ಬೆಳಗ್ಗೆ ಸವಾರಿ ಇದೆಯಾ?" ಅಂತ ಕೇಳಿದಾಗ ಆ ಕಡೆಯವರು ವಾಪಸ್ ಏನು ಕೇಳುತ್ತಾರೆ ಅಂತ ಗಮನಿಸಿ. "ಎಷ್ಟು ಜನ ಬರ್ತೀರಾ, ಅಡ್ವಾನ್ಸ್ ಕಳಿಸಿ" ಅಂತ ಮಾತ್ರ ಅಂದರೆ ಇನ್ನೊಂದು ಕಡೆ ವಿಚಾರಿಸಿ. "ನಿಮ್ಮ ತೂಕ ಎಷ್ಟು? ಎತ್ತರ ಎಷ್ಟು? ಮುಂಚೆ ಕುದುರೆ ಹತ್ತಿದ್ದೀರಾ? ಬೆನ್ನುನೋವು ಏನಾದ್ರೂ ಇದೆಯಾ?" ಅಂತ ಕೇಳಿದರೆ ಸರಿಯಾದ ಜಾಗಕ್ಕೇ ಫೋನ್ ಮಾಡಿದ್ದೀರಿ. ತೂಕ ಕೇಳಿದರು ಅಂತ ಮುಜುಗರ ಬೇಡ, ಐದು ಕೆಜಿ ಕಡಿಮೆ ಮಾಡಿ ಹೇಳುವುದೂ ಬೇಡ. ನಿಮಗೆ ಯಾವ ಕುದುರೆ ಅನ್ನೋದು ಆ ಲೆಕ್ಕದ ಮೇಲೆಯೇ ತೀರ್ಮಾನ ಆಗುತ್ತದೆ.

ಬೆಂಗಳೂರಿನ ಸುತ್ತ, ಅದರಲ್ಲೂ ಯಲಹಂಕ, ದೇವನಹಳ್ಳಿ ಕಡೆ ಮತ್ತು ಸರ್ಜಾಪುರದ ಕಡೆ, ಸವಾರಿ ಕಲಿಸುವ ಶಾಲೆಗಳಿವೆ. ಊರ ಹೊರಗಿನ ಕೆಲವು ಫಾರ್ಮ್‌ಗಳಲ್ಲಿ ವಾರಾಂತ್ಯಕ್ಕೆ ಬಂದವರನ್ನು ಅರ್ಧ ಗಂಟೆಯೋ ಒಂದು ಗಂಟೆಯೋ ಜೊತೆಗೆ ಗೈಡ್ ಇಟ್ಟು ಸುತ್ತಿಸುತ್ತಾರೆ. ತಿಂಗಳುಗಟ್ಟಲೆ ಕಲಿಯಲು ಸೇರಿದವರಿಗೆ ಎಲ್ಲವನ್ನೂ ಮೇಷ್ಟ್ರು ನಿಧಾನವಾಗಿ ಹೇಳಿಕೊಡುತ್ತಾರೆ. ಒಂದು ದಿನಕ್ಕೆ ಹೋದವರಿಗೆ ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಹೆಲ್ಮೆಟ್ ಕೊಟ್ಟು, ಹತ್ತಿಸಿ, "ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದರೆ ಮುಗಿಯಿತು. ಅದಕ್ಕೇ ಒಂದಷ್ಟು ವಿಷಯ ಮನೆಯಲ್ಲೇ ಓದಿಕೊಂಡು ಹೋಗುವುದು ಒಳ್ಳೆಯದು.

ಫೋನಲ್ಲೇ ಕೇಳಿಬಿಡಿ

ಮೊದಲ ಸವಾರಿ ಬೇಲಿ ಹಾಕಿದ ಅಂಗಳದಲ್ಲೋ, ನೇರವಾಗಿ ಹೊರಗಿನ ದಾರಿಯಲ್ಲೋ? ಇದನ್ನು ಕೇಳಲೇಬೇಕು. ಒಳ್ಳೆಯ ಕಡೆ ಮೊದಲು ಮರಳು ಹಾಸಿದ ಅಂಗಳದಲ್ಲಿ ಹತ್ತು ಹದಿನೈದು ನಿಮಿಷ ನಡೆಸಿ, ನಿಲ್ಲಿಸುವುದು ತಿರುಗಿಸುವುದು ಬಂತಾ ನೋಡಿ, ಆಮೇಲೆ ಹೊರಗೆ ಕರೆದುಕೊಂಡು ಹೋಗುತ್ತಾರೆ. ಕೆರೆ ದಂಡೆ, ದ್ರಾಕ್ಷಿ ತೋಟ, ಸೂರ್ಯೋದಯ ಅಂತ ಫೋಟೊ ನೋಡಿ ಹೋದವರಿಗೆ ಈ ಅಂಗಳದ ಸುತ್ತು ಸಪ್ಪೆ ಅನಿಸಬಹುದು. ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಬರೀ ಅಂಗಳದ ಅರ್ಧ ಗಂಟೆಯೇ ಸಾಕು. ಹೊರಗಿನ ಒಂದು ಗಂಟೆಗಿಂತ ಅದರಲ್ಲಿ ಜಾಸ್ತಿ ಕಲಿಯುತ್ತೀರಿ.

ಹೊರಗೆ ಹೋಗುವುದಾದರೆ ಎಷ್ಟು ಜನಕ್ಕೆ ಒಬ್ಬ ಗೈಡ್ ಅಂತ ಕೇಳಿ. ಹೊಸಬರ ಕುದುರೆಯ ಹಗ್ಗ ಹಿಡಿದು ಪಕ್ಕದಲ್ಲಿ ಒಬ್ಬರು ನಡೆಯುತ್ತಾರಾ? ಹೆಲ್ಮೆಟ್ ಅವರೇ ಕೊಡುತ್ತಾರಾ? ಮಳೆ ಬಂದರೆ ದುಡ್ಡು ವಾಪಸ್ಸಾ, ಇನ್ನೊಂದು ದಿನಕ್ಕಾ? ಸಹಿ ಹಾಕಿಸಿಕೊಳ್ಳುವ ಫಾರಂ ಇದ್ದರೆ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅನ್ನಿ. ಗೇಟಿನ ಹತ್ತಿರ ನಿಂತು ಯಾರೂ ಪೂರ್ತಿ ಓದುವುದಿಲ್ಲ. ನಿಮ್ಮ ಅಪಘಾತ ವಿಮೆ ಇಂಥದ್ದಕ್ಕೆ ಅನ್ವಯಿಸುತ್ತದಾ ಅಂತಲೂ ಒಮ್ಮೆ ಪಾಲಿಸಿ ತೆಗೆದು ನೋಡಿ. ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುವ ಪಾಲಿಸಿಗಳು ಇವೆ.

ಬಸುರಿ ಹೆಂಗಸರು, ಇತ್ತೀಚೆಗೆ ಆಪರೇಷನ್ ಆದವರು, ಸ್ಲಿಪ್ ಡಿಸ್ಕ್ ಇರುವವರು, ಮೂರ್ಛೆ ಬರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಈ ಸಲ ಕೆಳಗೆ ನಿಂತು ಫೋಟೊ ತೆಗೆಯುವ ಕೆಲಸ ವಹಿಸಿಕೊಳ್ಳಲಿ. ದಮ್ಮು, ಅಲರ್ಜಿ ಇರುವವರು ಇನ್‌ಹೇಲರ್ ಜೇಬಲ್ಲಿ ಇಟ್ಟುಕೊಳ್ಳಲಿ. ಒಣಹುಲ್ಲಿನ ದೂಳು, ಕುದುರೆಯ ಮೈಯ ಹೊಟ್ಟು ಎರಡೂ ಕೆಮ್ಮು ಎಬ್ಬಿಸುತ್ತವೆ. ಧನುರ್ವಾಯು ಇಂಜೆಕ್ಷನ್ ತಗೊಂಡು ಎಷ್ಟು ವರ್ಷ ಆಯಿತು ಅಂತಲೂ ಯೋಚಿಸಿ. ಆ ರೋಗಾಣು ಕುದುರೆ ಲದ್ದಿಯಲ್ಲೂ ಲದ್ದಿ ಬಿದ್ದ ಮಣ್ಣಲ್ಲೂ ಇರುತ್ತದೆ. ತರಚು ಗಾಯಕ್ಕೂ ಅದು ಸಾಕು.

ತೂಕದ ಲೆಕ್ಕ

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ದಾಟಬಾರದು ಅನ್ನೋದು ಕುದುರೆ ಸಾಕುವವರಲ್ಲಿ ಬಹಳ ಜನ ಒಪ್ಪಿದ ಅಳತೆ. 450 ಕೆಜಿಯ ಕುದುರೆಗೆ ಅದು 90 ಕೆಜಿ. ಜೀನು, ಅದರ ಕೆಳಗಿನ ಹಾಸು ಎಲ್ಲ ಸೇರಿ ಸುಮಾರು ಹತ್ತು ಕೆಜಿ ಕಳೆದರೆ ಉಳಿಯೋದು 80. ಕುದುರೆ 350 ಕೆಜಿಯದ್ದಾದರೆ ನಿಮ್ಮ ಪಾಲಿಗೆ 60 ಅಷ್ಟೇ. ಅಲ್ಲಿಗೆ, 85 ಕೆಜಿ ಇರುವ ಒಬ್ಬರನ್ನು ಮಾರ್ವಾಡಿ ತಳಿಯ ಸಣ್ಣ ಕುದುರೆ ಮೇಲೆ ಹತ್ತಿಸಿದರೆ ಅದರ ಬೆನ್ನಿಗೂ ಅನ್ಯಾಯ, ಅವರಿಗೂ ಅಪಾಯ. ಬೆನ್ನು ನೋಯುವ ಕುದುರೆ ಸುಮ್ನೆ ಸಹಿಸಿಕೊಂಡಿರುತ್ತದೆ ಅನ್ನೋ ಖಾತ್ರಿ ಇಲ್ಲ.

ಹೊರೆ ಹೊರುವ ಪ್ರಾಣಿಗಳ ವಿಷಯದಲ್ಲಿ ನಮ್ಮ ದೇಶದಲ್ಲಿ 1965ರಿಂದಲೇ ನಿಯಮ ಇದೆ. ಅದರ ಪ್ರಕಾರ ತಟ್ಟು ಅಂದರೆ ಸಣ್ಣ ಜಾತಿಯ ಕುದುರೆ ಬೆನ್ನಿನ ಮೇಲೆ ಹೊರಬಹುದಾದದ್ದು 70 ಕೆಜಿ, ಹೇಸರಗತ್ತೆ 200 ಕೆಜಿ, ಕತ್ತೆ 50 ಕೆಜಿ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹಚ್ಚುವಂತಿಲ್ಲ. ಮೊಳೆ, ಮುಳ್ಳು ಇರುವ ಕಡಿವಾಣ ಹಾಕುವಂತಿಲ್ಲ. ಬೆಂಗಳೂರಲ್ಲಿ ಎಲ್ಲಿ 37 ಡಿಗ್ರಿ ಬರುತ್ತೆ ಅನ್ನಬೇಡಿ. 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು.

ಯಾವಾಗ ಹೋಗೋದು

ಬೆಳಗ್ಗೆ. ಆರೂವರೆ ಏಳಕ್ಕೆ ಸಿಗುವ ಹೊತ್ತನ್ನೇ ಹಿಡಿಯಿರಿ. ಕುದುರೆಗೂ ತಂಪು, ನೊಣದ ಕಾಟವೂ ಕಡಿಮೆ, ಹೆಬ್ಬಾಳದ ಟ್ರಾಫಿಕ್ಕೂ ಅಷ್ಟೊತ್ತಿಗೆ ಸಹಿಸುವ ಹಾಗಿರುತ್ತದೆ. ಮೊದಲ ಹೊತ್ತಿನ ಕುದುರೆ ದಣಿದಿರುವುದಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಅದೇ ಕುದುರೆ ಎಷ್ಟು ಜನರನ್ನು ಹೊತ್ತು ಬಂದಿದೆಯೋ ನಿಮಗೆ ಗೊತ್ತಾಗುವುದಿಲ್ಲ. ಕೇಳಿದರೆ ತಪ್ಪೇನಿಲ್ಲ.

ಏಪ್ರಿಲ್, ಮೇನಲ್ಲಿ ಸಂಜೆಯ ಸವಾರಿ ಬೇಡ. ಬೆಂಗಳೂರಿನ ಸಂಜೆ ಮಳೆ ಗುಡುಗು ಮಿಂಚು ಸಮೇತ ಬರುತ್ತದೆ. ಬಯಲಲ್ಲಿ ಲಾಳ ಕಟ್ಟಿದ ಪ್ರಾಣಿಯ ಮೇಲೆ ಎತ್ತರಕ್ಕೆ ಕೂತಿರುವುದು ಮಿಂಚಿನ ಹೊತ್ತಲ್ಲಿ ಇರಬೇಕಾದ ಜಾಗ ಅಲ್ಲ. ದೀಪಾವಳಿಯ ವಾರವೂ ಬೇಡ. ಗಣೇಶನ ಮೆರವಣಿಗೆ ಹೋಗುವ ದಿನ ತಮಟೆ ಸದ್ದಿಗೂ ಕುದುರೆ ಹಾರಬಹುದು. ಕಲಿತ ಕುದುರೆಗಳು ಇದಕ್ಕೆಲ್ಲ ಒಗ್ಗಿಕೊಂಡಿರುತ್ತವೆ ನಿಜ, ಆದರೆ ಹೊಸ ಸವಾರನನ್ನು ಹೊತ್ತಾಗ ಅದನ್ನು ಪರೀಕ್ಷೆ ಮಾಡೋದು ಬೇಡ, ಅಲ್ವಾ?

ಏನು ಹಾಕ್ಕೊಂಡು ಹೋಗೋದು

ಪಾದರಕ್ಷೆಯಿಂದ ಶುರು ಮಾಡೋಣ. ಜಾಸ್ತಿ ಜನ ಎಡವುವುದು ಅಲ್ಲೇ. ಬೇಕಿರೋದು ಕಾಲು ಪೂರ್ತಿ ಮುಚ್ಚುವ, ಅಡಿ ನುಣ್ಣಗಿರುವ, ಹಿಂದೆ ಒಂದಿಂಚಿನಷ್ಟು ಹಿಮ್ಮಡಿ ಇರುವ ಶೂ. ಹಿಮ್ಮಡಿ ಯಾಕೆ ಅಂದರೆ, ಬಿದ್ದಾಗ ಪಾದ ಸ್ಟಿರಪ್ಪಿನ (ಜೀನಿನಿಂದ ನೇತಾಡುವ, ಕಾಲಿಡುವ ಬಳೆ) ಒಳಗೆ ಪೂರ್ತಿ ಜಾರಿ ಸಿಕ್ಕಿಕೊಳ್ಳಬಾರದು. ಕುದುರೆಯಿಂದ ಬಿದ್ದವರಿಗಿಂತ ಬಿದ್ದು ಕಾಲು ಸಿಕ್ಕಿಕೊಂಡು ಎಳೆದಾಡಿಸಿಕೊಂಡವರ ಪಾಡು ಕೆಟ್ಟದ್ದು. ಜಿಮ್ ಶೂಗೆ ಹಿಮ್ಮಡಿ ಇರುವುದಿಲ್ಲ. ಚಾರಣದ ಶೂಗೆ ಅಡಿಯಲ್ಲಿ ದಪ್ಪ ಹಲ್ಲುಗಳಿರುತ್ತವೆ, ಅವು ಸ್ಟಿರಪ್ಪಿಗೆ ಕಚ್ಚಿಕೊಳ್ಳುತ್ತವೆ. ಸ್ಯಾಂಡಲ್, ಕ್ರಾಕ್ಸ್ ಹಾಕಿ ಬಂದವರನ್ನು ಹತ್ತಿಸಲೇಬಾರದು. ಆಫೀಸಿಗೆ ಹಾಕುವ ಹಳೆಯ ಚರ್ಮದ ಶೂ ಇದ್ದರೆ ಅದೇ ವಾಸಿ.

ಪ್ಯಾಂಟು ಉದ್ದದ್ದೇ ಆಗಬೇಕು, ಸ್ವಲ್ಪ ಹಿಗ್ಗುವಂಥದ್ದು. ದಪ್ಪ ಜೀನ್ಸಿನ ಒಳ ಹೊಲಿಗೆ ಅರ್ಧ ಗಂಟೆಯಲ್ಲಿ ತೊಡೆ ಉಜ್ಜಿಹಾಕುತ್ತದೆ. ದುಪಟ್ಟಾ, ಕುತ್ತಿಗೆಗೆ ನೇತು ಹಾಕಿದ ಕ್ಯಾಮೆರಾ, ಬೆನ್ನ ಮೇಲಿನ ಬ್ಯಾಗು ಎಲ್ಲ ಕಾರಲ್ಲೇ ಇರಲಿ. ಬಳೆ, ಜೋಲುವ ಓಲೆ ತೆಗೆದಿಡಿ, ಸರ ಇದ್ದರೆ ಒಳಗೆ ಸೇರಿಸಿ. ಉದ್ದ ಜಡೆ ಇದ್ದರೆ ಕತ್ತಿನ ಹತ್ತಿರ ಕೆಳಗೆ ಕಟ್ಟಿ, ಮೇಲೆ ಗಂಟು ಹಾಕಿದರೆ ಹೆಲ್ಮೆಟ್ ಕೂರುವುದಿಲ್ಲ. ಮಲ್ಲಿಗೆ ಮುಡಿದು ಹೋದರೆ ಕುದುರೆ ಮೂಸಲು ಬರಬಹುದು, ಅದು ನಿಮ್ಮಿಷ್ಟ.

ಹೆಲ್ಮೆಟ್ ಕುದುರೆ ಸವಾರಿಯದ್ದೇ ಆಗಿರಬೇಕು. ಸೈಕಲ್ಲಿನದ್ದು ತಲೆಯ ಹಿಂಭಾಗವನ್ನು ಅಷ್ಟು ಕೆಳಗಿನವರೆಗೆ ಮುಚ್ಚುವುದಿಲ್ಲ. ಪಟ್ಟಿ ಹಾಕದೆ ತಲೆ ಬಗ್ಗಿಸಿ ಅಲ್ಲಾಡಿಸಿ ನೋಡಿ, ಜಾರಬಾರದು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಒಳಗಿನ ಫೋಮು ಕುಗ್ಗಿರುತ್ತದೆ, ಹೊರಗೆ ಚೆನ್ನಾಗಿ ಕಂಡರೂ ಕೆಲಸಕ್ಕೆ ಬಾರದು. ಬಿರುಕು ಕಂಡರೆ ಬೇರೆ ಕೇಳಿ. ಬೇರೆಯವರ ಬೆವರಿನ ಹೆಲ್ಮೆಟ್ ಅಂತ ಹಿಂಜರಿಯುವವರು ತೆಳ್ಳಗಿನ ಕರ್ಚೀಫು ಕಟ್ಟಿಕೊಳ್ಳಿ.

ಹತ್ತುವ ಮುಂಚೆ ಕುದುರೆಯನ್ನು ನೋಡಿ

ಹದಿನೈದು ನಿಮಿಷ ಮುಂಚೆ ಹೋಗಿ ಅನ್ನೋದು ಇದಕ್ಕೇ. ದುಡ್ಡು ಕಟ್ಟುವ ಮುಂಚೆ ಲಾಯದ ಕಡೆ ಒಂದು ಸುತ್ತು ಹೋಗಿಬನ್ನಿ. "ಕುದುರೆಗಳನ್ನ ನೋಡಬಹುದಾ ಅಣ್ಣಾ?" ಅಂತ ಸೈಸನ್ನು, ಅಂದರೆ ಕುದುರೆ ನೋಡಿಕೊಳ್ಳುವವರನ್ನು ಕೇಳಿ. ಖುಷಿಯಿಂದ ತೋರಿಸಿದರೆ ಅರ್ಧ ಪರೀಕ್ಷೆ ಪಾಸಾದಂತೆ.

ನೀರಿನ ತೊಟ್ಟಿ ಪಾಚಿ ಕಟ್ಟಿದೆಯಾ, ನೆಲ ಒಣಗಿದೆಯಾ, ಮುಂದೆ ಹುಲ್ಲು ಇದೆಯಾ ನೋಡಿ. ಆಮೇಲೆ ಜೀನು ಹಾಕುವ ಜಾಗ. ಬೆನ್ನಿನ ಮುಂಭಾಗದಲ್ಲಿ ಹೆಗಲು ಉಬ್ಬಿದ ಕಡೆ ಬಿಳಿ ಕೂದಲಿನ ತೇಪೆಗಳಿದ್ದರೆ ಹಿಂದೊಮ್ಮೆ ಜೀನು ಉಜ್ಜಿ ಗಾಯ ಆಗಿತ್ತು ಅಂತ ಅರ್ಥ. ಹಳೆಯದಾದರೆ ಸರಿ. ಕೆಂಪಾಗಿ ಹಸಿಯಾಗಿದ್ದರೆ ಆ ಕುದುರೆಯನ್ನು ಹತ್ತಬೇಡಿ. ಮುಂಗಾಲಿನ ಹಿಂದೆ, ಜೀನು ಬಿಗಿಯುವ ಹೊಟ್ಟೆಪಟ್ಟಿ ಬರುವ ಜಾಗದಲ್ಲೂ ಹಾಗೇ ನೋಡಿ. ಪಕ್ಕೆಲುಬುಗಳು ಮುಟ್ಟಿದರೆ ಸಿಗಬೇಕು, ದೂರದಿಂದಲೇ ಎಣಿಸುವ ಹಾಗೆ ಕಾಣಬಾರದು.

ನಿಂತಿರುವ ಕುದುರೆ ಒಂದು ಹಿಂಗಾಲನ್ನು ಸಡಿಲ ಬಿಟ್ಟು ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿದ್ದರೆ ಗಾಬರಿ ಬೇಡ, ಅದು ವಿಶ್ರಾಂತಿ. ನಿಂತೇ ತೂಕಡಿಸುವ ಪ್ರಾಣಿ ಅದು. ಆದರೆ ಮುಂಗಾಲೊಂದನ್ನು ಮುಂದಕ್ಕೆ ಚಾಚಿ ಭಾರ ಹಾಕದೆ ನಿಂತಿದ್ದರೆ ಅಲ್ಲಿ ನೋವಿದೆ. ಸೈಸಿಗೆ ಹೇಳಿ ಹತ್ತು ಹೆಜ್ಜೆ ನಡೆಸಿ ನೋಡಿ. ಮುಂಗಾಲು ನೋಯುವ ಕುದುರೆ ಆ ಕಾಲು ನೆಲಕ್ಕೆ ಇಡುವಾಗ ತಲೆ ಮೇಲೆತ್ತುತ್ತದೆ, ಸರಿ ಇರುವ ಕಾಲು ಇಡುವಾಗ ತಗ್ಗಿಸುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಎಲ್ಲಿ ನೋಡಿದರೂ ಗೊತ್ತಾಗುತ್ತದೆ. ಮದುವೆ ಮೆರವಣಿಗೆಯ ಕುದುರೆಗಳನ್ನೂ ಹೀಗೇ ನೋಡಿ, ಸುಮಾರು ವಿಷಯ ತಿಳಿಯುತ್ತದೆ.

ಬಿಸಿಲು ಕಾಲದಲ್ಲಿ ಇನ್ನೊಂದು ಪರೀಕ್ಷೆ ಇದೆ. ಭುಜದ ಹತ್ತಿರ ಚರ್ಮವನ್ನು ಮೆತ್ತಗೆ ಚಿವುಟಿ ಬಿಟ್ಟರೆ ಒಂದೆರಡು ಸೆಕೆಂಡಿನೊಳಗೆ ವಾಪಸ್ ಸಮ ಆಗಬೇಕು. ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಸಾಲದು. ನೀವೇ ಹೋಗಿ ಚಿವುಟಬೇಡಿ ಮತ್ತೆ, ಸೈಸಿನ ಹತ್ತಿರ ಮಾಡಿಸಿ.

ಹತ್ತಿರ ಹೋಗುವ ರೀತಿ

ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಹೆಚ್ಚು ಕಡಿಮೆ ಸುತ್ತಲೂ ಕಾಣುತ್ತದೆ, ಆದರೆ ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಹಾಗಾಗಿ ಹಿಂದಿನಿಂದ ಹೋಗಬೇಡಿ, ನೇರ ಮೂತಿಗೂ ಕೈ ಚಾಚಬೇಡಿ. ಎಡ ಭುಜದ ಕಡೆಯಿಂದ ಮಾತಾಡಿಸಿಕೊಂಡು ಹೋಗಿ, ಕುತ್ತಿಗೆಯನ್ನು ಸವರಿ. ಹೆಗಲ ಉಬ್ಬಿನ ಹತ್ತಿರ ಕೆರೆದರೆ ಇನ್ನೂ ಇಷ್ಟ. ಕುದುರೆಗಳು ಒಂದಕ್ಕೊಂದು ಹಲ್ಲಲ್ಲಿ ಕೆರೆದುಕೊಳ್ಳುವುದು ಅಲ್ಲೇ.

ಕಿವಿ ನೋಡುತ್ತಿರಿ. ಮುಂದಕ್ಕೆ ನೆಟ್ಟಗಿದ್ದರೆ ಏನನ್ನೋ ಗಮನಿಸುತ್ತಿದೆ. ಒಂದು ಕಿವಿ ನಿಮ್ಮ ಕಡೆ ತಿರುಗಿದ್ದರೆ ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದೆ. ಎರಡೂ ಹಿಂದಕ್ಕೆ ತಲೆಗೆ ಅಂಟಿಕೊಂಡರೆ ಸಿಟ್ಟು, ದೂರ ಸರಿಯಿರಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಅಲಂಕಾರ ಅಲ್ಲ, ಒದೆಯುವ ಅಭ್ಯಾಸ ಇದೆ ಅಂತ ಬೇರೆಯವರಿಗೆ ಎಚ್ಚರಿಕೆ.

ತಿನ್ನಲು ಏನನ್ನೂ ಕೇಳದೆ ಕೊಡಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಒಗ್ಗದಿದ್ದರೆ ಹೊಟ್ಟೆಶೂಲೆಯಾಗಿ ಪ್ರಾಣಕ್ಕೇ ಬರುತ್ತದೆ. ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟ್, ಈರುಳ್ಳಿ ಹಾಕಿದ ತಿಂಡಿ ಯಾವುದೂ ಬೇಡ. ಸೈಸು ಒಪ್ಪಿದರೆ ಉದ್ದುದ್ದ ಸೀಳಿದ ಕ್ಯಾರೆಟ್ಟು, ಅದೂ ಸವಾರಿ ಮುಗಿದ ಮೇಲೆ. ಅಂಗೈಯನ್ನು ಪೂರ್ತಿ ಚಪ್ಪಟೆ ಮಾಡಿ, ಹೆಬ್ಬೆರಳನ್ನು ಪಕ್ಕಕ್ಕೆ ಅಂಟಿಸಿ ಹಿಡಿಯಿರಿ. ತನ್ನ ಬಾಯಿಯ ಕೆಳಗೆ ಇರುವುದು ಅದಕ್ಕೆ ಕಾಣುವುದಿಲ್ಲ, ತುಟಿಯಲ್ಲೇ ಹುಡುಕಿಕೊಳ್ಳುತ್ತದೆ. ಬೆರಳು ಯಾವುದು, ಕ್ಯಾರೆಟ್ ಯಾವುದು ಅನ್ನುವ ಗೊಂದಲ ನಾವು ಮಾಡಬಾರದು.

ಹತ್ತೋದು

ಹತ್ತುವ ಮುಂಚೆ ಸೈಸು ಜೀನಿನ ಪಕ್ಕದ ಚರ್ಮ ಎತ್ತಿ ಹೊಟ್ಟೆಪಟ್ಟಿ ಬಿಗಿ ಮಾಡುತ್ತಾರೆ. ಕೆಲವು ಕುದುರೆಗಳು ಆಗ ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ. ನಾಲ್ಕು ಹೆಜ್ಜೆ ನಡೆದ ಮೇಲೆ ಉಸಿರು ಬಿಟ್ಟಾಗ ಪಟ್ಟಿ ಸಡಿಲ. ಆಗ ಜೀನು ನಿಮ್ಮ ಸಮೇತ ಪಕ್ಕಕ್ಕೆ ತಿರುಗುತ್ತದೆ. ಅದಕ್ಕೇ ಅನುಭವ ಇರುವವರು ಸ್ವಲ್ಪ ನಡೆಸಿ ಮತ್ತೆ ಒಂದೆರಡು ತೂತು ಬಿಗಿ ಮಾಡುತ್ತಾರೆ. ಮಾಡದಿದ್ದರೆ "ಒಂದ್ಸಲ ನೋಡಿಬಿಡಿ ಅಣ್ಣಾ" ಅನ್ನಿ. ಹೊಸಬರು ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಸ್ಟಿರಪ್ಪಿನ ಉದ್ದ ನೋಡಲು ಬೆರಳ ತುದಿಯನ್ನು ಜೀನಲ್ಲಿ ಸ್ಟಿರಪ್ಪಿನ ಪಟ್ಟಿ ಶುರುವಾಗುವ ಕಡೆ ಇಟ್ಟು, ಸ್ಟಿರಪ್ಪನ್ನು ಕಂಕುಳಿನ ಕಡೆ ಎಳೆಯಿರಿ. ಕಂಕುಳಿಗೆ ಮುಟ್ಟಿದರೆ ಹೆಚ್ಚು ಕಡಿಮೆ ಸರಿ. ಮೆಟ್ಟಿಲಿನ ಸ್ಟೂಲು ಇದ್ದರೆ ಅದನ್ನೇ ಬಳಸಿ. ನೆಲದಿಂದ ಜೋತುಬಿದ್ದು ಹತ್ತಿದರೆ ಜೀನೂ ಎಳೆಯುತ್ತದೆ, ಕುದುರೆಯ ಬೆನ್ನೂ ಎಳೆಯುತ್ತದೆ. ಸ್ಟೂಲು ಬಳಸಿದರೆ ಮರ್ಯಾದೆ ಕಡಿಮೆ ಆಗಲ್ಲ.

ಹತ್ತುವುದು ಎಡಗಡೆಯಿಂದ. ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದ ಸವಾರರ ಕಾಲದಿಂದ ಬಂದ ರೂಢಿ ಅದು. ಜೆ.ಸಿ. ನಗರದ ಮೈಸೂರು ಲಾನ್ಸರ್ಸ್ ಸ್ಮಾರಕ ನೋಡಿದ್ದೀರಾ? ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರಲ್ಲಿ ನಮ್ಮ ಮೈಸೂರಿನ ಕುದುರೆ ಪಡೆಯೂ ಇತ್ತು. ಈಗ ಕತ್ತಿ ಇಲ್ಲ, ಅಭ್ಯಾಸ ಉಳಿದಿದೆ. ಕುದುರೆಗಳೂ ಅದಕ್ಕೇ ಒಗ್ಗಿಹೋಗಿವೆ, ಹಾಗಾಗಿ ಬಲಗಡೆಯಿಂದ ಪ್ರಯತ್ನ ಬೇಡ.

ಎಡಗೈಯಲ್ಲಿ ಲಗಾಮು ಮತ್ತು ಕುತ್ತಿಗೆಯ ಕೂದಲು ಒಟ್ಟಿಗೆ ಹಿಡಿಯಿರಿ. ಕೂದಲು ಹಿಡಿದರೆ ಅದಕ್ಕೆ ಅಷ್ಟೇನೂ ನೋಯುವುದಿಲ್ಲ, ಲಗಾಮು ಜಗ್ಗಿದರೆ ಬಾಯಿ ನೋಯುತ್ತದೆ. ಎಡಗಾಲು ಸ್ಟಿರಪ್ಪಿಗೆ, ಬಲಗಾಲನ್ನು ಕುದುರೆಯ ಬೆನ್ನಿಗೆ ತಾಗದಂತೆ ಎತ್ತಿ ದಾಟಿಸಿ, ಜೀನಿನ ಮೇಲೆ ಮೆತ್ತಗೆ ಕೂರಿ. ದೊಪ್ಪನೆ ಬೀಳಬೇಡಿ. ಮೇಲೆ ಕೂತಾಗ ನೆಲ ಇದ್ದಕ್ಕಿದ್ದಂತೆ ದೂರ ಅನಿಸುತ್ತದೆ. ಹದಿನಾರು ಹ್ಯಾಂಡ್ಸ್ (ಒಂದು ಹ್ಯಾಂಡ್ ನಾಲ್ಕು ಇಂಚು) ಎತ್ತರದ ಕುದುರೆ ಅಂದರೆ ಹೆಗಲಿನವರೆಗೇ 64 ಇಂಚು, ನಿಮ್ಮ ಕಣ್ಣು ನೆಲದಿಂದ ಎಂಟಡಿ ಹತ್ತಿರ ಇರುತ್ತದೆ. ಆ ದಿಗಿಲು ಎಲ್ಲರಿಗೂ ಆಗುತ್ತದೆ, ಎರಡು ನಿಮಿಷದಲ್ಲಿ ಇಳಿಯುತ್ತದೆ.

ಕೂರೋದು, ನಡೆಸೋದು, ನಿಲ್ಲಿಸೋದು

ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ಗೆರೆಯಲ್ಲಿ ಬರಬೇಕು. ಸ್ಟಿರಪ್ಪಿನಲ್ಲಿ ಪಾದದ ಅಗಲವಾದ ಮುಂಭಾಗ ಮಾತ್ರ ಇರಲಿ. "ಹಿಮ್ಮಡಿ ಕೆಳಗೆ ಸಾರ್, ಹಿಮ್ಮಡಿ ಕೆಳಗೆ ಮೇಡಂ" ಅಂತ ಗೈಡು ನಿಮಿಷಕ್ಕೊಮ್ಮೆ ಕೂಗುತ್ತಾರೆ, ಬೇಜಾರು ಮಾಡ್ಕೋಬೇಡಿ. ನೋಟ ಮುಂದೆ ಇರಲಿ. ಕುದುರೆಯ ತಲೆಯನ್ನೇ ನೋಡುತ್ತಾ ಕೂತರೆ ನೀವೂ ಬಗ್ಗುತ್ತೀರಿ.

ಇನ್ನೊಂದು ವಿಷಯ ಬೆಂಗಳೂರಿನವರಿಗೆ ವಿಶೇಷವಾಗಿ ಹೇಳಬೇಕು. ನಮ್ಮದು ರೇಸ್ ಊರು. ಟರ್ಫ್ ಕ್ಲಬ್ ಶುರುವಾದದ್ದು 1920ರಲ್ಲಿ. ಪಕ್ಕದ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರ್ಮ್ ಇದೆ. ಓಟ ಬಿಟ್ಟ ಥರೋಬ್ರೆಡ್, ಅಂದರೆ ರೇಸಿನ ತಳಿಯ, ಕುದುರೆಗಳನ್ನು ತಂದು ತಿದ್ದಿ ಸವಾರಿ ಶಾಲೆಗಳಲ್ಲಿ ಇಟ್ಟುಕೊಳ್ಳುವುದು ಸಾಮಾನ್ಯ. ಅವು ಚುರುಕು, ಬುದ್ಧಿವಂತ, ಜೊತೆಗೆ ಸೂಕ್ಷ್ಮ. ಅವು ಚಿಕ್ಕಂದಿನಲ್ಲಿ ಕಲಿತದ್ದು ಏನು ಗೊತ್ತಾ? ಸವಾರ ಮುಂದಕ್ಕೆ ಬಗ್ಗಿ, ಲಗಾಮು ಬಿಗಿಹಿಡಿದರೆ ಅದರ ಮೇಲೆ ಭಾರ ಹಾಕಿಕೊಂಡು ಓಡಬೇಕು ಅಂತ. ಹೆದರಿದ ಹೊಸಬ ಮಾಡುವುದೂ ಅದನ್ನೇ. ಮುಂದಕ್ಕೆ ಬಾಗುತ್ತಾನೆ, ಲಗಾಮು ಎಳೆದು ಹಿಡಿಯುತ್ತಾನೆ, ಮೊಣಕಾಲಲ್ಲಿ ಅವಚಿಕೊಳ್ಳುತ್ತಾನೆ. ಕುದುರೆಗೆ ಕೇಳಿಸುವುದು "ಓಡು" ಅಂತ. ಆಮೇಲೆ "ಎಷ್ಟು ಎಳೆದರೂ ನಿಲ್ಲಲಿಲ್ಲ" ಅಂತ ದೂರು.

ಹಾಗಾಗಿ "ಈ ಕುದುರೆ ರೇಸಿಂದ ಬಂದದ್ದಾ, ಹೊಸಬರಿಗೆ ಕೊಟ್ಟು ಎಷ್ಟು ದಿನ ಆಯ್ತು?" ಅಂತ ಕೇಳಿ. ನಿಲ್ಲಿಸಬೇಕಾದರೆ ಮೊದಲು ನೇರ ಕೂತು, ಉಸಿರು ಪೂರ್ತಿ ಬಿಟ್ಟು, ಜೀನಿನಲ್ಲಿ ಭಾರ ಇಳಿಬಿಡಿ. ಆಮೇಲೆ ಲಗಾಮನ್ನು ಹಿಸುಕಿ, ಸಡಿಲಿಸಿ, ಮತ್ತೆ ಹಿಸುಕಿ. ಒಂದೇ ಸಮ ಜಗ್ಗುತ್ತಾ ಇದ್ದರೆ ಅದು ಹಗ್ಗ ಜಗ್ಗಾಟ ಆಗುತ್ತದೆ. 450 ಕೆಜಿಯ ಎದುರು ನೀವು ಸೋಲುತ್ತೀರಿ. ಹೊರಡಿಸಲು ಮೀನಖಂಡದಲ್ಲಿ ಮೆತ್ತಗೆ ಒತ್ತಿದರೆ ಸಾಕು, ಸಿನಿಮಾದ ಹಾಗೆ ಒದೆಯಬೇಡಿ.

ನಡಿಗೆಯಲ್ಲಿ ಕುದುರೆ ಗಂಟೆಗೆ ಆರೇಳು ಕಿ.ಮೀ. ಹೋಗುತ್ತದೆ. ಟ್ರಾಟ್ ಅನ್ನುವ ಕುಕ್ಕೋಟದಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು. ಟ್ರಾಟ್‌ನಲ್ಲಿ ಕೆಳಗಿನಿಂದ ಎತ್ತಿ ಎತ್ತಿ ಹಾಕುತ್ತದೆ, ಹೊಸಬರಿಗೆ ಹಲ್ಲು ಕಟಕಟ ಅನ್ನುತ್ತದೆ. ಗೈಡು ಹೇಳಿಕೊಟ್ಟ ಲಯಕ್ಕೆ ಎದ್ದು ಕೂತರೆ ಇಬ್ಬರ ಬೆನ್ನೂ ಉಳಿಯುತ್ತದೆ. ಮೊದಲ ಸವಾರಿಯಲ್ಲೇ ನಾಗಾಲೋಟ ಮಾಡಿಸುತ್ತೇವೆ ಅಂದವರಿಗೆ ಬೇಡ ಅನ್ನಿ. ನಮ್ಮ ಬೆಂಗಳೂರಿನ ಕುದುರೆ ಸವಾರ ಫೌಆದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದವರು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೂ ಹೋಗಿ 23ನೆಯವರಾಗಿ ಮುಗಿಸಿದವರು. ಅವರೂ ಚಿಕ್ಕ ಹುಡುಗನಾಗಿ ಅಂಗಳದ ಸುತ್ತಿನಿಂದಲೇ ಶುರು ಮಾಡಿರಬೇಕು.

ಸಾಲಲ್ಲಿ ಹೋಗುವಾಗ ಮುಂದಿನ ಕುದುರೆಗೂ ನಿಮ್ಮದಕ್ಕೂ ಒಂದು ಕುದುರೆಯ ಉದ್ದದಷ್ಟು ಜಾಗ ಬಿಡಿ. ನಿಮ್ಮ ಕುದುರೆಯ ಎರಡು ಕಿವಿ ನಡುವೆ ಮುಂದಿನದರ ಹಿಂಗಾಲ ಗೊರಸು ಕಾಣುತ್ತಿರಬೇಕು. ಏರಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಇಳಿಜಾರಲ್ಲಿ ನೇರ ಕೂತು ಹಿಮ್ಮಡಿ ತಗ್ಗಿಸಿ. ಮೊಬೈಲು ಜಿಪ್ ಇರುವ ಜೇಬಲ್ಲಿ. ಸೆಲ್ಫಿಗೆ ಅಂತ ಕೈ ಚಾಚಿದಾಗ ಎರಡೂ ಕೈ ಲಗಾಮಿನಿಂದ ಹೋಗಿರುತ್ತದೆ.

ಕುದುರೆ ಬೆಚ್ಚಿದರೆ

ಹಾರಾಡುವ ಪ್ಲಾಸ್ಟಿಕ್ ಕವರು, ಸೈಲೆನ್ಸರ್ ಕಿತ್ತ ಬೈಕು, ಬೇಲಿ ಸಂದಿಯಿಂದ ಬೊಗಳಿಕೊಂಡು ಬರುವ ಬೀದಿನಾಯಿ. ಬೆಂಗಳೂರಿನ ಹೊರವಲಯದಲ್ಲಿ ಈ ಮೂರಕ್ಕೆ ಬರವಿಲ್ಲ. ಕುದುರೆ ಪಕ್ಕಕ್ಕೆ ಹಾರಿದರೆ ಮೊದಲು ಕೂಗಬೇಡಿ, ನಿಮ್ಮ ಕಿರುಚಾಟ ಅದರ ಭಯ ಹೆಚ್ಚಿಸುತ್ತದೆ. ಒಂದು ಕೈಯಲ್ಲಿ ಕೂದಲನ್ನೋ ಜೀನಿನ ಮುಂದಿನ ಪಟ್ಟಿಯನ್ನೋ ಹಿಡಿದು ನೇರ ಕೂರಿ. ಓಟ ಕಿತ್ತರೆ ಎರಡೂ ಲಗಾಮು ಒಟ್ಟಿಗೆ ಜಗ್ಗುವ ಬದಲು ಒಂದನ್ನು ಮಾತ್ರ ನಿಧಾನಕ್ಕೆ ಮಂಡಿಯ ಕಡೆ ತಂದು ದೊಡ್ಡ ಸುತ್ತು ಹಾಕಿಸಿ, ಸುತ್ತನ್ನು ಕಿರಿದು ಮಾಡುತ್ತಾ ಬನ್ನಿ. ಜೋರಾಗಿ ಓಡುವಾಗ ತಟ್ಟನೆ ತಿರುಗಿಸಿದರೆ ಕುದುರೆಯೇ ಮುಗ್ಗರಿಸುತ್ತದೆ. ಜಾಗ ಇಕ್ಕಟ್ಟಾದರೆ ತಿರುಗಿಸಲೂ ಬೇಡಿ, ಹಿಸುಕಿ ಬಿಡುವುದನ್ನೇ ಮುಂದುವರಿಸಿ.

ಬೀಳುವುದು ಖಚಿತ ಅನಿಸಿದರೆ ಎರಡೂ ಪಾದ ಸ್ಟಿರಪ್ಪಿನಿಂದ ಬಿಡಿಸಿ, ಲಗಾಮು ಬಿಟ್ಟುಬಿಡಿ, ಕೈ ಊರದೆ ಉರುಳಿ ದೂರ ಸರಿಯಿರಿ. ತಲೆಗೆ ಪೆಟ್ಟಾಗಿ ವಾಕರಿಕೆ, ಮಂಪರು ಬಂದರೆ "ಸರಿಹೋಗುತ್ತೆ" ಅಂತ ಮನೆಗೆ ಹೋಗಬೇಡಿ. ಆ್ಯಂಬುಲೆನ್ಸ್‌ಗೆ 108.

ಮಕ್ಕಳು

ಮಡಿಲಲ್ಲಿ ಕೂರಿಸಿಕೊಂಡು ಹೋಗಬೇಡಿ. ಅಪ್ಪ ಬಿದ್ದರೆ ಮಗು ಕೆಳಗೆ ಸಿಗುತ್ತದೆ. ಕುದುರೆಗೆ ಎರಡು ಪಾಲು ಭಾರ ಬೇರೆ. ಮಗುವಿಗೆ ಪೋನಿ, ಅದರ ಅಳತೆಯ ಹೆಲ್ಮೆಟ್ಟು, ಹಗ್ಗ ಹಿಡಿಯಲು ಒಬ್ಬರು, ಪಕ್ಕದಲ್ಲಿ ನಡೆಯಲು ಇನ್ನೊಬ್ಬರು. ಜೀನಿಗೆ ಮಗುವನ್ನು ಕಟ್ಟುವುದು ಮಾತ್ರ ಎಂದೂ ಆಗಬಾರದು. ಹೆದರಿ ಅತ್ತರೆ ಇಳಿಸಿಬಿಡಿ, ದುಡ್ಡು ಕೊಟ್ಟಾಗಿದೆ ಅಂತ ಸುತ್ತು ಮುಗಿಸಬೇಡಿ.

ಇಳಿದ ಮೇಲೆ

ಇಳಿಯುವಾಗ ಮೊದಲು ಎರಡೂ ಪಾದ ಸ್ಟಿರಪ್ಪಿನಿಂದ ತೆಗೆದು, ಆಮೇಲೆ ಬಲಗಾಲು ದಾಟಿಸಿ, ಮಂಡಿ ಬಗ್ಗಿಸಿ ನೆಲಕ್ಕೆ ಜಾರಿ. ಕಾಲು ಒಂದು ಕ್ಷಣ ನಿಮ್ಮದಲ್ಲ ಅನಿಸುತ್ತದೆ, ಜೀನು ಹಿಡಿದು ನಿಲ್ಲಿ. ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ. ಮರುದಿನ ಒಳತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದು ಕಷ್ಟ ಆಗುತ್ತದೆ, ಬಿಸಿನೀರಿನ ಸ್ನಾನ ಮಾಡಿ ಸ್ವಲ್ಪ ನಡೆದಾಡಿ. ಸೈಸಿಗೆ ಟಿಪ್ಸ್ ಕೊಡುವುದಾದರೆ ಅವರ ಕೈಗೇ ಕೊಡಿ. ಕುದುರೆಯ ಹೆಸರು ಕೇಳಿಟ್ಟುಕೊಳ್ಳಿ, ಮುಂದಿನ ಸಲ ಅದನ್ನೇ ಕೇಳಬಹುದು.

ಊಟಿ, ಕೇದಾರ, ಗುಲ್ಮಾರ್ಗ್‌ಗೆ ಹೊರಟವರಿಗೆ

ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಕುದುರೆ ಹತ್ತುವುದು ಊಟಿ ಕೆರೆಯ ಹತ್ತಿರವೋ, ಯಾತ್ರೆಯಲ್ಲೋ. ಅಲ್ಲಿ ತೂಕ ಕೇಳುವವರು ಕಡಿಮೆ. ನೀವೇ ನೋಡಬೇಕು. ಗೌರಿಕುಂಡದಿಂದ ಕೇದಾರನಾಥಕ್ಕೆ ಸುಮಾರು 16 ಕಿ.ಮೀ. ಏರು. ಕೂತು ಹೋಗಲೇಬೇಕಾದರೆ ಸಣ್ಣ ಕುದುರೆಗಿಂತ ಗಟ್ಟಿ ಹೇಸರಗತ್ತೆ ಕೇಳಿ, ಕೆಮ್ಮುವುದು ಕುಂಟುವುದು ಇದ್ದರೆ ಬಿಟ್ಟುಬಿಡಿ. ದಾರಿಯಲ್ಲಿ ನಿಲ್ಲಿಸಿ ನೀರು ಕುಡಿಸಿ ಅಂತ ಹಟ ಹಿಡಿಯಿರಿ. ಹೊರೆ ಹೊತ್ತು ರೂಢಿಯಾದ ಪ್ರಾಣಿ ಕಣಿವೆಯ ಅಂಚಲ್ಲೇ ನಡೆಯುತ್ತದೆ, ಅದಕ್ಕೆ ಲಗಾಮು ಎಳೆದು ತಿದ್ದಲು ಹೋಗಬೇಡಿ. ತೀರಾ ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯಿರಿ. ನಡೆಯುತ್ತಿರುವಾಗ ಹೇಸರಗತ್ತೆ ಸಾಲು ಎದುರಾದರೆ ಬೆಟ್ಟದ ಗೋಡೆ ಕಡೆ ನಿಲ್ಲಿ, ಕಣಿವೆ ಕಡೆ ಅಲ್ಲ.

ಗುಲ್ಮಾರ್ಗ್‌ನ ಹಿಮದಲ್ಲಿ ಸಿಗುವ ಸ್ಲೆಜ್ ನೋಡಿ ಕುದುರೆ ಎಲ್ಲಿ ಅಂತ ಹುಡುಕಬೇಡಿ. ಅಲ್ಲಿ ಮರದ ಹಲಗೆಯನ್ನು ಎಳೆಯುವುದು ಮನುಷ್ಯರೇ. ಕುದುರೆ ಎಳೆಯುವ ಸ್ಲೆಜ್‌ಗಾಡಿ ಹಿಮ ಬೀಳುವ ಬೇರೆ ದೇಶಗಳದ್ದು. ಹಿಮದ ಮೇಲೆ ಸದ್ದೇ ಆಗದೆ ಬರುತ್ತದೆ ಅಂತ ಅದಕ್ಕೆ ಗಂಟೆ ಕಟ್ಟುತ್ತಾರೆ. ಗುಲ್ಮಾರ್ಗ್‌ನಲ್ಲಿ ಕೂರುವುದಾದರೆ ಎಲ್ಲಿಂದ ಎಲ್ಲಿಗೆ, ಎಷ್ಟು, ವಾಪಸ್ ಬರುವುದೂ ಸೇರಿತಾ ಅಂತ ಮೊದಲೇ ಮಾತಾಡಿಕೊಳ್ಳಿ. ಏರಿನಲ್ಲಿ ಇಳಿದು ಜೊತೆಗೆ ನಡೆಯಿರಿ. ಇಳಿಜಾರಲ್ಲಿ ಕೈ ಬೆರಳುಗಳನ್ನು ಹಲಗೆಯ ಅಂಚಿನಿಂದ ಹೊರಗೆ ಬಿಡಬೇಡಿ, ಕಾಲು ನೆಲಕ್ಕೆ ಕೊಟ್ಟು ಬ್ರೇಕ್ ಹಾಕಲು ಹೋಗಬೇಡಿ. ಬ್ರೇಕು ಎಳೆಯುವವನ ಕೆಲಸ.